ಚಿಟಿಕೆ ಸೋಡಾ

ಮಾತ್ರೆ ಶುರುವಾದ ಮೊದಲ ವಾರದಲ್ಲೇ ನನಗೆ ಹಿಟ್ಟಿನ ವಾಸನೆ ಆಗದಂತಾಯಿತು. ಬೇಕರಿಯವಳಿಗೆ ಹುದುಗಿದ ಹಿಟ್ಟಿನ ವಾಸನೆ ಆಗುವುದಿಲ್ಲವೆಂದರೆ ಮೀನು ನೀರಿಗೆ ಹೇಸಿದ ಹಾಗೆ. ಮುಚ್ಚಿದ ಬಟ್ಟೆ ಸರಿಸಿದ ಕೂಡಲೇ ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬರುತ್ತಿತ್ತು. ಹಿಟ್ಟು ಅಲ್ಲೇ ಬಿಟ್ಟು ಹಿತ್ತಲ ಬಾಗಿಲಿಗೆ ಓಡುತ್ತಿದ್ದೆ.

ಕಾಯಿಲೆ ಗೊತ್ತಾದದ್ದು ನಾದಿನಿಯ ಆಪರೇಷನ್ನಿಗೆ ರಕ್ತ ಕೊಡಲು ಹೋದಾಗ. ತೆಗೆದುಕೊಂಡ ರಕ್ತ ಬೇಡವೆಂದು ಹೇಳಿಕಳಿಸಿದರು. ಹೆಪಟೈಟಿಸ್ ಸಿ ಅಂತೆ. ಮಗಳನ್ನು ಹೆತ್ತಾಗ ನನಗೆ ಯಾರದೋ ರಕ್ತ ಏರಿಸಿದ್ದರು. ಬಹುಶಃ ಅಲ್ಲಿಂದಲೇ ಬಂದಿರಬೇಕು ಎಂದರು ಡಾಕ್ಟರು. ಆ ಮಗಳಿಗೆ ಈಗ ಮದುವೆಯಾಗಿದೆ. ಅವಳ ರಕ್ತವನ್ನೂ ನೋಡಿಸಿದೆವು, ಪುಣ್ಯಕ್ಕೆ ಅವಳಿಗಿಲ್ಲ. ಅಷ್ಟು ವರ್ಷ ಒಬ್ಬ ಬಾಡಿಗೆದಾರ ಬಾಡಿಗೆ ಕೊಡದೆ ನನ್ನ ಲಿವರಿನಲ್ಲಿ ಕಾಲು ಚಾಚಿ ಮಲಗಿದ್ದ, ನನಗೆ ಸುಳಿವೂ ಇರಲಿಲ್ಲ.

"ಲಿವರ್ ಗಟ್ಟಿಯಾಗೋಕೆ ಶುರುವಾಗಿದೆ. ಇನ್ನೂ ಕೈ ಮೀರಿಲ್ಲ. ಮೂರು ತಿಂಗಳು ದಿನಕ್ಕೊಂದು ಮಾತ್ರೆ. ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುತ್ತೆ. ಆದ್ರೆ ನಡುವೆ ತಪ್ಪಿಸಬಾರದು, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬಾರದು" ಎಂದರು ಡಾಕ್ಟರು.

ನನಗೆ ಮೊದಲು ಹೊಳೆದದ್ದು ಅಂಗಡಿ. "ನಾನು ಮುಟ್ಟಿದ ಬ್ರೆಡ್ ತಿಂದವರಿಗೆ?"

"ಊಟದಿಂದ, ಮುಟ್ಟೋದರಿಂದ ಬರಲ್ಲ. ರಕ್ತದಿಂದ ಮಾತ್ರ. ಕೈ ಕೊಯ್ದುಕೊಂಡರೆ ಗಾಯ ಕಟ್ಟಿಕೊಳ್ಳಿ, ಅಷ್ಟೆ." ಆಮೇಲೆ ಮಾತ್ರೆಯಿಂದ ಏನೇನಾಗಬಹುದು ಎಂದು ಹೇಳುತ್ತಾ ಹೋದರು. ತಲೆನೋವು, ಸುಸ್ತು, ಓಕರಿಕೆ, ನಿದ್ದೆ ಕೆಡುವುದು. "ಕೆಲವರಿಗೆ ಸಿಡುಕೂ ಬರುತ್ತೆ."

ಪಕ್ಕದಲ್ಲಿ ಕುಳಿತಿದ್ದ ನನ್ನ ಗಂಡ ಬಹಳ ಗಂಭೀರವಾಗಿ ಕೇಳಿದರು, "ಬಂದ್ರೆ ನಮಗೆ ಗೊತ್ತಾಗೋದು ಹೇಗೆ ಡಾಕ್ಟ್ರೇ?"

ಡಾಕ್ಟರು ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಗಂಡನ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡಿದರು.

"ಬೇರೆ ಮಾತ್ರೆ ಏನಾದ್ರೂ ತಗೋತೀರಾ? ಬಿಪಿಗೆ, ಹೊಟ್ಟೆ ಉರಿಗೆ, ಆಸಿಡಿಟಿಗೆ? ಹೊಟ್ಟೆಯ ಹುಳಿ ಕಡಿಮೆ ಮಾಡೋದು ಯಾವುದೂ ಇದರ ಜೊತೆ ಬೇಡ."

ಇಲ್ಲ ಎಂದೆ. ಸುಳ್ಳು ಹೇಳಲಿಲ್ಲ. ಹೊಟ್ಟೆ ಉರಿಗೆ ನಾನು ಜನ್ಮದಲ್ಲಿ ಮಾತ್ರೆ ನುಂಗಿದವಳಲ್ಲ.

ನಮ್ಮದು ಸಣ್ಣ ಬೇಕರಿ. ಮುಂದೆ ಗಾಜಿನ ಕಪಾಟು, ಹಿಂದೆ ಒಲೆಯ ಕೋಣೆ, ಅದರ ಹಿಂದೆ ನಾವು ಮೂವರು ಇರುವ ಮನೆ. ಗಂಡ ಒಲೆ ನೋಡುತ್ತಾರೆ, ಅತ್ತೆ ಬಿಸ್ಕತ್ತು ಮಾಡುತ್ತಾರೆ, ನಾನು ಹಿಟ್ಟು ನಾದುತ್ತೇನೆ, ಇಬ್ಬರನ್ನೂ ಬೈಯುತ್ತೇನೆ. ಯಾರು ಏನೇ ಹೇಳಲಿ, ಕೆಲಸ ನಡೆಯುತ್ತಿದ್ದದ್ದು ಈ ಕೊನೆಯದರಿಂದಲೇ.

ಮಾತ್ರೆ ಬಂದ ಮೇಲೆ ಬೈಯುವುದು ನಿಂತುಹೋಯಿತು. ಡಾಕ್ಟರು ಹೇಳಿದ ಸಿಡುಕು ನನ್ನ ಹತ್ತಿರ ಬರಲೇ ಇಲ್ಲ, ಇದ್ದದ್ದೂ ಹೋಯಿತು. ಹಿಟ್ಟನ್ನು ನಾಲ್ಕು ಸಲ ಮಡಚಿದರೆ ತೋಳು ಬಾಳೆದಿಂಡಿನಂತೆ ಜೋತುಬೀಳುತ್ತಿತ್ತು. ತಲೆಗೆ ಯಾರೋ ಬಿಗಿಯಾಗಿ ಹಗ್ಗ ಸುತ್ತಿ ಗಂಟು ಹಾಕಿದಂತೆ ನೋವು. ಬೈಗುಳಕ್ಕೂ ತ್ರಾಣ ಬೇಕು, ಅದು ಆಗಲೇ ತಿಳಿದದ್ದು.

ಒಂದು ದಿನ ಗಂಡ ಇಡೀ ಒಂದು ತಟ್ಟೆ ಬನ್ನು ಸುಟ್ಟು ಕರಿಮಾಡಿ ತಂದು ನನ್ನೆದುರು ಇಟ್ಟರು. ಇಟ್ಟವರು ಕಿವಿ ಮುಚ್ಚಿಕೊಳ್ಳುವವರಂತೆ ಹೆಗಲೆತ್ತಿ ನಿಂತರು.

"ಆಯ್ತು ಬಿಡಿ" ಎಂದೆ.

ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು.

ಎದುರು ಅಂಗಡಿಯ ದರ್ಜಿ ಬಂದು, "ಏನಕ್ಕಾ, ನಿನ್ನೆ ಬ್ರೆಡ್ಡು ಇಟ್ಟಿಗೆ ಆಗಿತ್ತಲ್ಲ, ಮನೆ ಕಟ್ಟೋ ಅಂದಾಜಾ?" ಎಂದ. ಹಿಂದಿನ ನಾನಾಗಿದ್ದರೆ ಅವನು ಹೊಲಿದ ರವಿಕೆಗಳ ತೋಳಿನ ಕಥೆಯನ್ನು ಬೀದಿಗೆ ಕೇಳುವಂತೆ ಹೇಳುತ್ತಿದ್ದೆ. ಈಗ ಮಾತಿಲ್ಲದೆ ಇನ್ನೊಂದು ಬ್ರೆಡ್ ತೆಗೆದುಕೊಟ್ಟೆ. ಅವನು ಬೇಡವೆಂದು ಕೈಯಾಡಿಸಿ, "ಅಕ್ಕಂಗೆ ಏನಾಯ್ತು ಅಣ್ಣಾ?" ಎಂದು ಒಲೆಯ ಕೋಣೆಯ ಕಡೆ ಕೂಗಿದ.

ಅಂದು ಸಂಜೆ ನಾನು ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಹೇಳಿಬಿಟ್ಟೆ. "ನಾಳೆಯಿಂದ ಮಾತ್ರೆ ಬೇಡ ಅತ್ತೆ. ಇಷ್ಟು ವರ್ಷ ಕಾಯಿಲೆ ಇತ್ತು, ಕೆಲಸವೂ ಮಾಡ್ತಿದ್ದೆ. ಈಗ ಔಷಧಿ ಇದೆ, ಕೆಲಸ ಇಲ್ಲ."

"ಬಿಡೋದಾದ್ರೆ ಬೇಕರಿ ಬಿಡು, ಮಾತ್ರೆ ಬಿಡಬೇಡ" ಎಂದು ಅತ್ತೆ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಲೋಟ. ಲೋಟದಲ್ಲಿ ನೀರು, ನೀರಿನಲ್ಲಿ ಚಿಟಿಕೆ ಸೋಡಾ.

ಬಿಸ್ಕತ್ತಿಗೆ ಹಾಕುವ ಸೋಡಾಪುಡಿ ಅದು. ನಮ್ಮ ಮನೆಯಲ್ಲಿ ಅದಕ್ಕೆ ಎರಡು ಕೆಲಸ. ಬಿಸ್ಕತ್ತು ಉಬ್ಬಿಸುವುದು, ಹೊಟ್ಟೆ ಇಳಿಸುವುದು. ಇಡೀ ದಿನ ಬಿಸಿ ಬ್ರೆಡ್ಡಿನ ತುದಿ ಮುರಿದು ಬಾಯಿಗೆ ಹಾಕಿಕೊಳ್ಳುವ ಜನ ನಾವು, ಹೊಟ್ಟೆ ಉಬ್ಬರಿಸದೆ ಇರುತ್ತದೆಯೇ? ಮಾವ ಇದ್ದಾಗ ಊಟವಾದ ಮೇಲೆ ಒಂದು ಲೋಟ ಕುಡಿದು, ಪಕ್ಕದ ಬೀದಿಗೆ ಕೇಳುವಂತೆ ತೇಗಿ, ಅಂಗಡಿಯ ಬಾಗಿಲು ಹಾಕುತ್ತಿದ್ದರು. ಅದನ್ನು ಔಷಧಿ ಎಂದು ಯಾರೂ ಕರೆದದ್ದಿಲ್ಲ. ಉಪ್ಪನ್ನು ಔಷಧಿ ಅನ್ನುತ್ತಾರೆಯೇ?

ಕುಡಿದೆ. ತೇಗು ಬಂತು. ಎದೆಯ ಮೇಲೆ ಕೂತಿದ್ದದ್ದು ಎದ್ದುಹೋದಂತಾಯಿತು.

"ನೋಡಿದೆಯಾ? ದೊಡ್ಡ ಡಾಕ್ಟರ ಔಷಧಿಗೆ ನನ್ನ ಔಷಧಿ" ಎಂದರು ಅತ್ತೆ.

ಅಲ್ಲಿಂದ ದಿನವೂ ಸಂಜೆ ಊಟ ಮುಗಿದ ಕೂಡಲೇ ಅವರು ಲೋಟ ಹಿಡಿದು ಬರುತ್ತಿದ್ದರು. ಮಾತ್ರೆಯನ್ನು ಆ ನೀರಿನಲ್ಲೇ ನುಂಗುತ್ತಿದ್ದೆ. ಬೆಳಿಗ್ಗೆ ಹಿಟ್ಟಿನ ಬಳಿಗೆ ಹೋಗುವ ಮುಂಚೆ ಇನ್ನೊಂದು ಲೋಟ. ಓಕರಿಕೆ ತಗ್ಗಿತು. ಸುಸ್ತು ಹೋಗದಿದ್ದರೂ ನಾದಲು ಕೈ ಬಂತು. ಅತ್ತೆ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದರು.

ಆಸ್ಪತ್ರೆಯ ನರ್ಸು ಆಗಾಗ ಫೋನು ಮಾಡಿ ವಿಚಾರಿಸುತ್ತಿದ್ದಳು. ನಿಧಾನವಾಗಿ ಮಾತಾಡುವ ಹುಡುಗಿ. ಅವಳ ಒಂದು ವಾಕ್ಯ ಮುಗಿಯುವುದರೊಳಗೆ ನಾನು ಎರಡು ಉಂಡೆ ತೂಗಿ ಇಡಬಹುದಿತ್ತು. ಒಂದು ಬೆಳಿಗ್ಗೆ ಹಾಗೇ ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಹಿಟ್ಟು ತೂಗುತ್ತಿದ್ದೆ.

"ತಲೆನೋವು ಹೇಗಿದೆ ಅಮ್ಮ?"

"ನೀವು ಹೇಳಿದ ಹಾಗೆ ನೀರು ಜಾಸ್ತಿ ಕುಡೀತಿದೀನಿ. ಮಧ್ಯಾಹ್ನ ಸ್ವಲ್ಪ ಒರಗ್ತೀನಿ. ಪರವಾಗಿಲ್ಲ."

"ಓಕರಿಕೆ?"

ಹೇಳಲು ಬಾಯಿ ತೆರೆದೆ. ಮಾತಿನ ಬದಲು ತೇಗು ಬಂತು, ಮಾವನದರ ಅರ್ಧದಷ್ಟು.

"ತಪ್ಪು ತಿಳ್ಕೋಬೇಡಿ ಸಿಸ್ಟರ್. ಈಗ ತಾನೇ ಸೋಡಾ ಕುಡಿದೆ."

"ಬಾಟ್ಲಿ ಸೋಡಾನಾ?"

"ಅಲ್ಲಮ್ಮ, ಬಿಸ್ಕತ್ತಿಗೆ ಹಾಕೋ ಪುಡಿ. ನೀರಲ್ಲಿ ಚಿಟಿಕೆ."

"ಸಂಜೆ ಮಾತ್ರೆ ನುಂಗುವಾಗಲೂ ಕುಡೀತೀರಾ?"

"ಅದರಲ್ಲೇ ನುಂಗೋದು."

"ಅಮ್ಮಾ, ಹೊಟ್ಟೆಯ ಹುಳಿ ಕಡಿಮೆ ಮಾಡೋದು ಏನೂ ಬೇಡ ಅಂತ ಹೇಳಿದ್ರಲ್ಲ ಡಾಕ್ಟ್ರು."

"ಮಾತ್ರೆ ತಗೋತೀರಾ ಅಂತ ಕೇಳಿದ್ರು. ಇದು ಮಾತ್ರೆನಾ? ಇದು ಬಿಸ್ಕತ್ತಿಗೆ ಹಾಕೋದು."

ಅವಳು ತನ್ನ ನಿಧಾನದಲ್ಲೇ ಬಿಡಿಸಿ ಹೇಳಿದಳು. ನಿಮ್ಮ ಮಾತ್ರೆ ಹೊಟ್ಟೆಯ ಹುಳಿಯಲ್ಲಿ ಕರಗಿ ರಕ್ತ ಸೇರಬೇಕು. ಹುಳಿ ಇಲ್ಲದಿದ್ದರೆ ಸರಿಯಾಗಿ ಕರಗುವುದಿಲ್ಲ. ಅವಳು ಮುಗಿಸುವ ಮೊದಲೇ ನನಗೆ ಅರ್ಥವಾಗಿತ್ತು. ಹುಳಿ ಬಂದ ಹಾಲಿಗೆ ಸೋಡಾ ಬಿದ್ದರೆ ಏನಾಗುತ್ತದೆಂದು ನನಗೆ ಹೇಳಿಕೊಡಬೇಕೇ? ನೊರೆಯೆದ್ದು, ಬುಸ್ಸೆಂದು, ಹುಳಿ ಸತ್ತುಹೋಗುತ್ತದೆ. ದಿನವೂ ಕಣ್ಣೆದುರು ನೋಡುವುದನ್ನೇ ಹೊಟ್ಟೆಯೊಳಗೆ ಮಾಡಿಕೊಂಡಿದ್ದೆ.

"ಹಾಗಾದ್ರೆ ಇಷ್ಟು ದಿನ ನುಂಗಿದ್ದು?" ಎಂದೆ.

"ಗೊತ್ತಿಲ್ಲಮ್ಮ. ಸ್ವಲ್ಪ ಸೇರಿರಬಹುದು, ಸೇರದೇನೂ ಇರಬಹುದು. ಡಾಕ್ಟ್ರಿಗೆ ಹೇಳ್ತೀನಿ, ರಕ್ತ ನೋಡ್ತಾರೆ. ಸೋಡಾ ಇವತ್ತೇ ನಿಲ್ಲಿಸಿ. ಮಾತ್ರೆ ನಿಲ್ಲಿಸಬೇಡಿ. ಹೋಗಿದ್ದನ್ನ ಸರಿಮಾಡೋಣ ಅಂತ ಒಂದೇ ದಿನ ಎರಡು ನುಂಗಲೂಬೇಡಿ. ಓಕರಿಕೆ ತಡೆಯೋಕಾಗದಿದ್ರೆ ನನಗೆ ಹೇಳಿ, ದಾರಿ ಇದೆ."

ಫೋನು ಇಟ್ಟು ತಿರುಗಿದೆ. ಅತ್ತೆ ಬಿಸ್ಕತ್ತಿನ ಮೇಜಿನ ಹತ್ತಿರ ನಿಂತಿದ್ದರು. ನನ್ನ ಕಡೆಯ ಮಾತಷ್ಟೇ ಕೇಳಿದ್ದರೂ ಸಾಕಾಗಿತ್ತು. ಹಿಟ್ಟಿನ ಕೈಯಲ್ಲೇ ಸ್ಟೂಲಿನ ಮೇಲೆ ಕುಳಿತರು.

"ನಾನೇ ಕೈಯಾರೆ ಕುಡಿಸಿದೆ" ಎಂದರು.

ನಾನು ಉಂಡೆ ತೂಗುವುದನ್ನು ಮುಂದುವರಿಸಿದೆ. ಲೋಟ ಹಿಡಿದವರು ಅವರಾದರೆ, ಕುಡಿದವಳು ನಾನು.

"ಬೈದುಬಿಡೇ. ಸುಮ್ಮನಿರಬೇಡ. ನೀನು ಬೈಯದಿದ್ರೆ ನನಗೆ ಅನ್ನ ಇಳಿಯಲ್ಲ."

"ಸುಸ್ತಾಗಿದೆ ಅತ್ತೆ. ಆಮೇಲೆ ಬೈತೀನಿ."

"ಯಾವಾಗ?"

"ರಿಪೋರ್ಟ್ ಬರಲಿ."

ಸೋಡಾ ಬಿಟ್ಟ ಮೇಲೆ ಓಕರಿಕೆ ಬಡ್ಡಿ ಸಮೇತ ತಿರುಗಿ ಬಂತು. ನರ್ಸನ್ನು ಕೇಳಿ ಕೇಳಿ ಒಂದೊಂದೇ ದಾರಿ ಹಿಡಿದೆವು. ಹಾಸಿಗೆಯಿಂದ ಏಳುವ ಮುಂಚೆ ಒಂದು ಒಣ ರಸ್ಕು. ಹೊಟ್ಟೆ ತುಂಬ ಒಂದೇ ಸಲ ತಿನ್ನದೆ ಆಗಾಗ ನಾಲ್ಕು ತುತ್ತು. ಬಿಸಿ ಊಟದ ಆವಿಯೇ ವಾಸನೆ ಹೊತ್ತು ತರುತ್ತದೆಂದು ಆರಿಸಿದ ಊಟ. ಗಂಡ ನಾದುವ ತೊಟ್ಟಿಯನ್ನೇ ಹಿತ್ತಲ ತಗಡಿನ ಮಾಡಿನ ಕೆಳಗೆ ಸಾಗಿಸಿ, ತಾವೇ ನಾದಲು ನಿಂತರು. ಮೊದಲ ದಿನ ಅವರು ನಾದಿದ ಹಿಟ್ಟು ನೋಡಿದರೆ ಅಳು ಬರುವಂತಿತ್ತು. ಕಲಿತರು. ನಾನು ಮುಂದಿನ ಗಾಜಿನ ಕಪಾಟಿನ ಬಳಿ ಕುಳಿತೆ. ಸಂಜೆ ಬಿಸಿಲು ಇಳಿದ ಮೇಲೆ ಗಂಡನ ಜೊತೆ ಬೀದಿಯ ತುದಿಯವರೆಗೆ ನಡೆದು ಬರುತ್ತಿದ್ದೆ. ನಡೆದ ದಿನ ನಿದ್ದೆ ಹತ್ತುತ್ತಿತ್ತು.

ಅತ್ತೆ ಮಾಡಿದ್ದೇ ಬೇರೆ. ಸೋಡಾ ಡಬ್ಬಿಯನ್ನು ತಮ್ಮ ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದು, ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡರು.

"ಅಮ್ಮಾ, ಬಿಸ್ಕತ್ತಿಗೆ ಬೇಕಲ್ಲ" ಎಂದರು ಗಂಡ.

"ಎಷ್ಟು ಬೇಕೋ ಅಷ್ಟು ನಾನೇ ತೆಗೆದು ಹಾಕ್ತೀನಿ. ಡಬ್ಬಿ ಹೊರಗೆ ಬರಲ್ಲ."

ಹೀಗೆ ಸೋಡಾಕ್ಕೆ ಚಿನ್ನದ ಮರ್ಯಾದೆ ಬಂತು. ಕಪಾಟಿನೊಳಗಿನ ಬಿಸ್ಕತ್ತುಗಳು ಮಾತ್ರ ದಿನೇ ದಿನೇ ತೆಳ್ಳಗಾದವು. ನಾನು ನೋಡುತ್ತಿದ್ದೆ, ಹೇಳಲಿಲ್ಲ.

ರಕ್ತದ ರಿಪೋರ್ಟಿಗೆ ಅತ್ತೆಯೂ ಹಟ ಹಿಡಿದು ಆಸ್ಪತ್ರೆಗೆ ಬಂದರು. ಡಾಕ್ಟರು ಹಾಳೆ ನೋಡಿ, "ವೈರಸ್ ತುಂಬಾ ಇಳಿದಿದೆ. ಇನ್ನೂ ಸ್ವಲ್ಪ ಕಾಣ್ತಿದೆ. ಮುಂದುವರಿಸಿ" ಎಂದರು.

"ಸೋಡಾ ಕುಡಿದ ದಿನಗಳದ್ದು ಏನಾಗುತ್ತೆ?" ಅತ್ತೆ ಕೇಳಿದರು.

"ಈಗಲೇ ಹೇಳೋಕಾಗಲ್ಲಮ್ಮ. ಔಷಧಿ ಮುಗಿದು ಮೂರು ತಿಂಗಳು ಬಿಟ್ಟು ನೋಡಿದ್ರೇನೇ ಪೂರ್ತಿ ಹೋಗಿದೆಯೋ ಇಲ್ಲವೋ ಗೊತ್ತಾಗೋದು. ಉಳಿದಿದ್ರೆ ಬೇರೆ ಔಷಧಿ ಯೋಚನೆ ಮಾಡೋಣ."

ಹೊರಗೆ ಬಂದಾಗ ಅತ್ತೆ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. "ಇದಲ್ಲ. ಕೊನೇ ರಿಪೋರ್ಟಿಗೆ."

ದಿನಗಳು ಹೋದವು. ತಲೆಗೆ ಸುತ್ತಿದ ಹಗ್ಗ ಸಡಿಲವಾಗುತ್ತಾ ಬಂತು. ಹಿಟ್ಟಿನ ವಾಸನೆ ಒಂದು ಬೆಳಿಗ್ಗೆ ಗಾಳಿಯಲ್ಲಿ ಬಂದು ಹೋಯಿತು. ಹೊಟ್ಟೆ ಸುಮ್ಮನಿತ್ತು. ಕೊನೆಯ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಮತ್ತೆ ತೊಟ್ಟಿಯ ಬಳಿ ನಿಂತೆ. ಗಂಡನನ್ನು ಒಲೆಗೆ ವಾಪಸು ಕಳಿಸಿದೆ. ಆದರೆ ಬಾಯಿ ಮಾತ್ರ ತೆರೆಯಲಿಲ್ಲ. ಕೊನೆಯ ರಿಪೋರ್ಟು ತಲೆಯ ಮೇಲೆ ತೂಗುತ್ತಿರುವಾಗ ಬೈಯಲು ಮನಸ್ಸು ಬರುವುದಿಲ್ಲ. ಅತ್ತೆಯೂ ಸೊರಗಿದರು. ಲೋಟ ಹಿಡಿದು ಬರುತ್ತಿದ್ದ ಹೊತ್ತಿಗೆ ಈಗ ಬರಿಗೈಯಲ್ಲಿ ಬಂದು ಪಕ್ಕದಲ್ಲಿ ಕುಳಿತಿರುತ್ತಿದ್ದರು.

ಕೊನೆಯ ರಿಪೋರ್ಟಿನ ದಿನ ಮೂವರೂ ಹೋದೆವು. ಡಾಕ್ಟರು ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು.

"ಇಲ್ಲ. ಎಲ್ಲೂ ಇಲ್ಲ. ವಾಸಿಯಾಗಿದೆ. ಲಿವರ್ ಹೇಗಿದೆ ಅಂತ ವರ್ಷಕ್ಕೆರಡು ಸಲ ಬಂದು ತೋರಿಸಿಕೊಂಡು ಹೋಗಿ."

ಗಂಡ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಹಾಗೇ ಇದ್ದರು. ಆಸ್ಪತ್ರೆಯ ಮೆಟ್ಟಿಲಿಳಿದು ರಸ್ತೆ ಮುಟ್ಟಿದ ಮೇಲೆ ಅತ್ತೆ ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ಈಗ ಬೈಯಿ."

ಅಷ್ಟು ದಿನ ಕೂಡಿಟ್ಟದ್ದು ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಸೋಡಾದ ಲೋಟ ನೆನಪಾಯಿತು. ಅದರ ಮೇಲೆ ಕೋಪವೇ ಇರಲಿಲ್ಲ, ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದು ಬಿಸ್ಕತ್ತು.

"ಆ ಬಿಸ್ಕತ್ತು ನೋಡಿದೀರಾ ಅತ್ತೆ? ಹೆಂಚಿನ ಚೂರು. ಸೋಡಾ ಹಾಕ್ತೀರೋ, ಡಬ್ಬಿ ತೋರಿಸಿ ಹೆದರಿಸ್ತೀರೋ? ದರ್ಜಿಯ ಹಲ್ಲು ಮುರಿದ್ರೆ ಯಾರು ಕಟ್ಟಿಸ್ತಾರೆ, ನೀವಾ, ನಿಮ್ಮ ಮಗನಾ? ಒಬ್ಬರು ಬನ್ನು ಸುಡೋದು, ಒಬ್ಬರು ಬಿಸ್ಕತ್ತು ಸಾಯಿಸೋದು. ನಾನು ಆರು ತಿಂಗಳು ಬಾಯಿ ಮುಚ್ಚಿದ್ದಕ್ಕೆ ಅಂಗಡಿ ಅಲ್ಲ ಅದು, ಇಟ್ಟಿಗೆ ಗೂಡು!"

ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಮುಂದೆ ನಡೆಯುತ್ತಿದ್ದ ಗಂಡ ಹೆಜ್ಜೆ ನಿಧಾನ ಮಾಡಿದರು. ಅವರ ಬೆನ್ನು ನೋಡಿದರೇ ನಗುತ್ತಿದ್ದಾರೆಂದು ತಿಳಿಯುತ್ತಿತ್ತು.

ಅತ್ತೆ ಕೊರಳಿನ ದಾರ ಬಿಚ್ಚಿ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಬಿಸಿಯಾಗಿತ್ತು ಅದು.

"ಮುಗೀತಾ?"

"ಎಲ್ಲಿ ಮುಗೀತು? ಮನೆಗೆ ಹೋಗೋವರೆಗೂ ಇದೆ."

"ಹಾಗಾದ್ರೆ ಬಸ್ಸು ಬೇಡ, ನಡ್ಕೊಂಡೇ ಹೋಗೋಣ" ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು.