ತೋಳಿನ ಮೇಲಿನ ಚೌಕ

ನನ್ನ ಹೆಂಡತಿ ಲಲಿತಮ್ಮನ ಬಲತೋಳಿನಲ್ಲಿ ಒಂದು ಸಣ್ಣ ನಳಿಕೆ ಇದೆ. ಗಡ್ಡೆಯ ಔಷಧಿ ಅದರೊಳಗಿಂದಲೇ ಹೋಗಬೇಕು. ಮುಂಗೈ ನರಗಳೆಲ್ಲ ಕಪ್ಪಾಗಿ ಸೂಜಿಗೆ ಸಿಗದೆ ಹೋದಾಗ ಮೈಸೂರಿನ ಡಾಕ್ಟರು ಹಾಕಿದ್ದು. ನಳಿಕೆಯ ಮೇಲೆ ಅಂಗೈ ಅಗಲದ, ಒಳಗಿನದು ಕಾಣುವಂಥ ತೆಳು ಪ್ಲಾಸ್ಟರು. ವಾರಕ್ಕೊಮ್ಮೆ ಅದನ್ನು ಬದಲಿಸಬೇಕು. ಅದಕ್ಕಾಗಿ ಪ್ರತಿ ಗುರುವಾರ ಬಿಂಡಿಗನವಿಲೆಯಿಂದ ಬಸ್ಸು ಹತ್ತಿ ನಾಗಮಂಗಲದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋಗುತ್ತಿದ್ದೆವು.

ಬದಲಿಸುವವಳು ಸ್ಪಂದನ ಅಂತ, ಅಕ್ಕಿಹೆಬ್ಬಾಳಿನ ಹುಡುಗಿ. ಮೊದಲೆರಡು ವಾರ ನಾನು ಹೊರಗಿನ ಬೆಂಚಿನಲ್ಲೇ ಕೂತಿದ್ದೆ. ಆಮೇಲೆ ನಮ್ಮ ಬೀದಿಯ ತಿಮ್ಮರಾಜು ಒಂದು ಮಾತು ಹೇಳಿದ. ಕೆಲವು ಕಡೆ ಹಳೇ ಪ್ಲಾಸ್ಟರನ್ನೇ ತೊಳೆದು ಅಂಟಿಸುತ್ತಾರಂತೆ, ಕಣ್ಣಿಟ್ಟು ನೋಡಿ ಅಂದ. ಅವನು ಯಾರಿಂದ ಕೇಳಿದನೋ, ನಾನು ವಿಚಾರಿಸಲಿಲ್ಲ. ಮೂರನೇ ಗುರುವಾರ ಒಳಗೆ ಹೋಗಿ ಆ ಹುಡುಗಿಯ ಮಗ್ಗುಲಲ್ಲಿ ನಿಂತೆ. ಹೊಸ ಪ್ಲಾಸ್ಟರಿನ ಮೇಲಿಂದ ಬಿಚ್ಚಿದ ಕಾಗದವನ್ನು ಕೇಳಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡೆ.

ನಾಲ್ಕನೇ ವಾರ ಪ್ಲಾಸ್ಟರು ಕಿತ್ತಾಗ ಚರ್ಮ ಕೆಂಪಗಿತ್ತು. ಸುಮ್ಮನೆ ಕೆಂಪಲ್ಲ, ಅಳತೆ ಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಚೌಕವಾಗಿ ಕೆಂಪು. ಐದನೇ ವಾರ ಅದರಂಚಿಗೆ ನೀರುಗುಳ್ಳೆ ಎದ್ದಿದ್ದವು. ಇವಳು ತುರಿಕೆ ತಡೆಯಲಾರದೆ ಸೆರಗಿನಿಂದ ಒತ್ತಿಕೊಳ್ಳುತ್ತಿದ್ದಳು. ಮೈಸೂರಿಗೆ ಫೋನು ಮಾಡಿದರೆ, ನಳಿಕೆಯ ತೂತಿನ ಹತ್ತಿರ ಕೀವಿಲ್ಲ, ಜ್ವರವಿಲ್ಲ, ಅದು ಒಳ್ಳೆಯದು, ಆದರೆ ಚರ್ಮ ಕಿತ್ತುಬಂದರೆ ನಳಿಕೆ ತೆಗೆಯಲೇಬೇಕಾಗುತ್ತದೆ ಅಂದರು. ಇನ್ನೂ ನಾಲ್ಕು ಸಲದ ಔಷಧಿ ಬಾಕಿ. ನಳಿಕೆ ಹೋದರೆ ಅದನ್ನು ಯಾವ ನರಕ್ಕೆ ಕೊಡುವುದು?

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಅಕ್ಕಸಾಲಿಯಾಗಿ ಐವತ್ತು ವರ್ಷ ಚಿನ್ನದ ಮೇಲಿನ ಮುದ್ರೆ ನೋಡಿದ ಕಣ್ಣು. ಜೇಬಿನ ಕಾಗದಗಳನ್ನು ಹಾಸಿ ನೋಡಿದೆ. ಮೂರನೇ ವಾರದ್ದರ ಅಕ್ಷರವೇ ಬೇರೆ, ನಾಲ್ಕು ಮತ್ತು ಐದರದ್ದೇ ಬೇರೆ. ಸಿಕ್ಕಿಬಿದ್ದಳು ಅಂದುಕೊಂಡೆ.

ಆರನೇ ಗುರುವಾರ ಮೂರು ಕಾಗದವನ್ನೂ ಸ್ಪಂದನಳ ಮೇಜಿನ ಮೇಲೆ ಇಟ್ಟೆ. ಅವಳ ಮುಖ ಸಪ್ಪಗಾಯಿತು. ಮೊದಲ ಜಾತಿಯ ಅಂಟು ಅಮ್ಮನ ಚರ್ಮಕ್ಕೆ ಆಗುತ್ತಿಲ್ಲವೇನೋ ಅನ್ನಿಸಿ, ಕೆಂಪು ಕಂಡ ದಿನವೇ ಡಾಕ್ಟರನ್ನು ಕೇಳಿ ಮೆದು ಅಂಟಿನದ್ದು ಹಾಕಿದೆ, ಫೈಲಿನಲ್ಲಿ ಬರೆದಿದ್ದೇನೆ ಅಂದಳು. ಇಂಗ್ಲಿಷು ಓದಲಾರದವನಿಗೆ ಫೈಲು ತೋರಿಸುವುದು ಸುಲಭ ಅಲ್ಲವೇ? ನಾನು ಅದನ್ನು ಎದುರಿನ ಮೆಡಿಕಲ್ ಸ್ಟೋರಿಗೆ ಒಯ್ದು ಓದಿಸಿದೆ. ಅವಳು ಹೇಳಿದ್ದೇ ಇತ್ತು.

ಆದರೂ ಮನಸ್ಸು ಒಪ್ಪಲಿಲ್ಲ. ಮೆದು ಅಂಟು ಹಾಕಿದ ಮೇಲೂ ಗುಳ್ಳೆ ಎದ್ದದ್ದು ಯಾಕೆ? ವಾಪಸು ಬಂದು ಮೊದಲಿಗಿಂತ ಹತ್ತಿರ ನಿಂತೆ. ಅವಳು ಚರ್ಮಕ್ಕೆ ಔಷಧಿ ಸವರಿದಳು. ನನ್ನ ಕಡೆ ಒಮ್ಮೆ ನೋಡಿದಳು. ತೋಳು ಇನ್ನೂ ಮಿರುಗುತ್ತಿದ್ದ ಹಾಗೇ ಪ್ಲಾಸ್ಟರು ಒತ್ತಿಬಿಟ್ಟಳು.

ಬಸ್ಸು ಅರ್ಧ ದಾರಿ ಬಂದಿತ್ತು. ಲಲಿತಮ್ಮ ಕಿಟಕಿಯ ಕಡೆ ಮುಖ ಇಟ್ಟುಕೊಂಡೇ ಅಂದಳು: "ನೀವು ಕಳ್ಳನ್ನ ಕಾಯಂಗೆ ಕಾದ್ರೆ ಆ ಉಡ್ಗಿ ಕೈ ಎಂಗೆ ನಿಲ್ತದೆ? ಮೊದ್ಲು ಮದ್ದು ಸವ್ರಿ, ಅದು ಒಣ್ಗೋಗಂಟ ನನ್ ಕೂಡೆ ಮಾತಾಡ್ತಾ ಕೂತಿರೋಳು. ಈಗ ನಿಮ್ ಮಕ ಕಂಡ್ರೆ ಸಾಕು, ಅಂಟ್ಸಿ ಕಳ್ಸ್ಬುಡ್ತಾಳೆ."

"ಒಣಗ್ದಿದ್ರೆ ಏನಾದದು?"

"ನನ್ನ ಕೇಳ್ತೀರಲ್ಲ. ಬೆಸುಗೆ ಮಾಡೋರು ಯಾರು?"

 ಬೆಸುಗೆ ಹಾಕುವ ಜಾಗಕ್ಕೆ, ಚಿನ್ನ ಕೂಡಿಕೊಳ್ಳಲಿ ಅಂತ ಬಿಳಿಗಾರದ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚುತ್ತೇವೆ. ಅದು ಒಣಗಬೇಕು. ಹಸಿಯ ಮೇಲೆ ಉರಿ ಬಿಟ್ಟರೆ ಗುಳ್ಳೆ ಗುಳ್ಳೆಯಾಗಿ ಎದ್ದು ಬೆಸುಗೆಯ ಚೂರನ್ನೇ ಎಸೆದುಬಿಡುತ್ತದೆ. ಇದು ಕಲಿಯುವವನಿಗೂ ಗೊತ್ತು. ಗೊತ್ತಿದ್ದೂ ನಾನೇ ತಪ್ಪಿದ್ದುಂಟು. ಮೂವತ್ತು ವರ್ಷದ ಹಿಂದೆ ಸೋಮಮ್ಮ ಅನ್ನುವಾಕೆ ಸರ ಕೂಡಿಸಲು ತಂದು, ಚಿನ್ನ ಎಲ್ಲಿ ಮಾಯವಾಗುತ್ತದೋ ಅಂತ ನನ್ನ ಕೈಯಿಂದ ಕಣ್ಣೇ ತೆಗೆಯದೆ ಎದುರಿಗೆ ಕೂತಿದ್ದಳು. ಎದ್ದು ಹೋದರೆ ಸಾಕು ಅಂತ ಆತುರಪಟ್ಟು ಹಸಿ ಬಿಳಿಗಾರದ ಮೇಲೇ ಉರಿ ಊದಿದೆ. ಆ ಕೊಂಡಿ ವಾರದಲ್ಲಿ ಬಿಟ್ಟುಕೊಂಡಿತು. ಆಕೆ ಊರೆಲ್ಲ ಹೇಳಿಕೊಂಡು ಬಂದಳು.

ಇಷ್ಟಾದರೂ ನಾನು ಪೂರ್ತಿ ನಂಬಿದೆ ಅಂತಲ್ಲ. ಹೆಂಗಸರಿಬ್ಬರೂ ಒಂದಾಗಿ ನನ್ನನ್ನು ಹೊರಗೆ ಹಾಕುತ್ತಿದ್ದಾರೇನೋ ಅಂತಲೂ ಮನಸ್ಸಿಗೆ ಬಂತು. ಆದರೆ ಕೆಂಪು ಇನ್ನೂ ಹೆಚ್ಚಲಿ ಅಂತ ಮುಂದಿನ ಗುರುವಾರದ ತನಕ ಕಾಯುವಂತಿರಲಿಲ್ಲ. ಶನಿವಾರವೇ ಮತ್ತೆ ನಾಗಮಂಗಲಕ್ಕೆ ಹೋದೆವು. ಬಾಗಿಲಲ್ಲೇ ನಿಂತು ಸ್ಪಂದನಳಿಗೆ ಹೇಳಿದೆ, "ಅವ್ವಾ, ಇವತ್ತು ಬಿಚ್ಚಿ, ಒಣಗ್ಸಿ ಕಟ್ಟು. ನಾನು ಈಚೆ ಕೂತಿರ್ತೀನಿ."

ಬೆಂಚಿನ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತೆ. ಎರಡು ಸಲ ತಿರುಗಬೇಕು ಅನ್ನಿಸಿತು. ಔಷಧಿ ಒಣಗುವಷ್ಟು ಹೊತ್ತು ಕಳೆಯಿತು. ಆಮೇಲೆ ಇವಳ ನಗು ಕೇಳಿಸಿತು. ಏನಕ್ಕೆ ನಕ್ಕಳೋ.

ಅವತ್ತಿನಿಂದ ಸ್ಪಂದನ ಪ್ಲಾಸ್ಟರು ಬಿಟ್ಟು, ಗಾಯಕ್ಕೆ ಕಟ್ಟುವ ಜಾಳು ಬಟ್ಟೆ ಇಟ್ಟು ಅಂಚಿಗೆ ಮಾತ್ರ ಸಣ್ಣ ಅಂಟುಪಟ್ಟಿ ಹಾಕಿದಳು. ಅದನ್ನು ಎರಡು ದಿನಕ್ಕೊಮ್ಮೆ ಬಿಚ್ಚಬೇಕು, ಚರ್ಮಕ್ಕೆ ಗಾಳಿಯಾಡಲಿ ಅಂದಳು. ಒಂಬತ್ತು ದಿನ ಹೀಗೇ ಓಡಾಡಿದೆವು. ಹತ್ತನೇ ದಿನ ಅವಳೇ ನನ್ನನ್ನು ಒಳಗೆ ಕರೆದಳು. ಅಂಟುಪಟ್ಟಿಯನ್ನು ಮೇಲಕ್ಕೆ ಎಳೆಯದೆ ಚರ್ಮದ ಉದ್ದಕ್ಕೇ ಮಲಗಿಸಿ ಮಲಗಿಸಿ ಬಿಡಿಸುವಾಗ, ಹಿಂದಿನಿಂದ ಚರ್ಮವನ್ನು ಬೆರಳಲ್ಲಿ ಒತ್ತಿ ಹಿಡಿಯಲು ನನಗೆ ಹೇಳಿದಳು. ನಳಿಕೆ ಅಲ್ಲಾಡದಂತೆ ತನ್ನ ಇನ್ನೊಂದು ಕೈಯನ್ನು ಅದರ ಮೇಲಿಟ್ಟಿದ್ದಳು. ಪಟ್ಟಿಯೊಂದೇ ಬಂತು, ಚರ್ಮ ಉಳಿಯಿತು. ಗುಳ್ಳೆಗಳು ಒಣಗಿ ಹಕ್ಕಳೆ ಉದುರಿದ್ದವು. ಚೌಕದ ಮೂರು ಮೂಲೆ ತೋಳಿನ ಬಣ್ಣಕ್ಕೆ ತಿರುಗಿತ್ತು.

ಅವಳು ಫೋಟೋ ತೆಗೆದು ಮೈಸೂರಿಗೆ ಕಳಿಸಿದಳು. ಅರ್ಧ ಗಂಟೆಯಲ್ಲಿ ಫೋನು ಬಂತು. ನಳಿಕೆ ಇರಲಿ, ಮುಂದಿನ ಸೋಮವಾರ ಔಷಧಿಗೆ ಬನ್ನಿ ಅಂದರು. ಲಲಿತಮ್ಮ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದಳು.

ನಾನು ಬಗ್ಗಿ ತೋಳನ್ನೇ ನೋಡುತ್ತಿದ್ದೆ. ನಾಲ್ಕನೇ ಮೂಲೆ ಇನ್ನೂ ಕೆಂಪಗೇ ಇತ್ತು.

"ಇದ್ಯಾಕವ್ವಾ ಇಂಗೇ ಅದೆ?"

ಸ್ಪಂದನ ತಾನೂ ಬಗ್ಗಿ ನೋಡಿದಳು. "ಗೊತ್ತಿಲ್ಲ ತಾತ," ಅಂದಳು.

ಅಷ್ಟು ವಾರದಲ್ಲಿ ಅವಳು ಹೇಳಿದ್ದರಲ್ಲಿ ನಾನು ಯಾರ ಹತ್ತಿರವೂ ಓದಿಸದೆ ನಂಬಿದ ಮೊದಲ ಮಾತು ಅದು.