ಒಡೆಯಬಾರದ ಕಾಯಿ

ಕೊಟ್ಟೂರಿನ ತೆಂಗಿನಕಾಯಿ ವ್ಯಾಪಾರಿ ಗುರುಬಸವರಾಜನ ಮಗಳು ಗೀತಾಂಜಲಿ ತಾಲ್ಲೂಕು ವಿಜ್ಞಾನ ಪ್ರದರ್ಶನಕ್ಕೆ ನಿಂತಿದ್ದಳು. ಗೆದ್ದರೆ ಹೊಸಪೇಟೆಗೆ, ಜಿಲ್ಲಾ ಪ್ರದರ್ಶನಕ್ಕೆ. ಈ ಸುದ್ದಿಯನ್ನು ಅಪ್ಪ ಕಾಯಿ ಕೊಳ್ಳಲು ಬಂದವರಿಗಷ್ಟೇ ಅಲ್ಲ, ದಾರಿ ಕೇಳಲು ನಿಂತವರಿಗೂ ಹೇಳಿ ಮುಗಿಸಿದ್ದ.

ಚಂದ್ರ ಭೂಮಿಯ ತಿರುಗುವಿಕೆಯನ್ನು ಹೇಗೆ ನಿಧಾನ ಮಾಡುತ್ತಾನೆ ಎಂಬುದು ಅವಳ ವಿಷಯ. ಹಸಿ ಮೊಟ್ಟೆ, ಬೆಂದ ಮೊಟ್ಟೆ ತಿರುಗಿಸಿ ತೋರಿಸು ಎಂದಿದ್ದರು ಮೇಷ್ಟ್ರು. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವುದುಂಟೇ? ಹುಡುಗಿ ಅಪ್ಪನ ಅಂಗಡಿಯತ್ತ ನೋಡಿದಳು. ನೀರಿರುವ ಕಾಯಿ ಒಂದು, ನೀರಾರಿದ ಒಣ ಕಾಯಿ ಒಂದು. ತಟ್ಟೆಯ ಮೇಲೆ ತಿರುಗಿಸಿದರೆ ನೀರಿನದು ಬೇಗ ನಿಲ್ಲುತ್ತದೆ. ಸಲೀಸಾಗಿ ತಿರುಗುವ ಜೋಡಿ ಹುಡುಕಲು ಅವಳಿಗೆ ವಾರವೇ ಹಿಡಿಯಿತು.

ಪ್ರದರ್ಶನದ ದಿನ ಅವಳು ಗೋಡೆಗೆ ಚಾರ್ಟ್ ಅಂಟಿಸುತ್ತಿದ್ದಾಗ ಅಪ್ಪ ಊದಿನಕಡ್ಡಿ, ಬೆಲ್ಲ ಹಿಡಿದು ಬಂದ. ಶುಭಕಾರ್ಯ, ಕಾಯಿ ಒಡೆಯದೆ ಶುರುವಾಗಬಹುದೇ? ಮೇಜಿನ ಮೇಲಿದ್ದ ಎರಡನ್ನೂ ಕಿವಿಯ ಬಳಿ ಅಲ್ಲಾಡಿಸಿದ, ನೀರಿದ್ದುದನ್ನೇ ಆರಿಸಿದ, ಗುರು ಕೊಟ್ಟೂರೇಶನನ್ನು ನೆನೆದು ಫಟ್ಟನೆ ಒಡೆದ.

"ಅಪ್ಪಾ! ಏನ್ ಮಾಡಿದ್ರಿ ಇದು?"

"ನಿನ್ನ ಹೆಸರಿಲೇ ಒಡ್ದೀನವ್ವಾ. ಒಣ ಕಾಯಿ ದೇವರಿಗೆ ಒಡೀತಾರೇನು?"

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಮಗಳ ಮುಖ ನೋಡಿದ ಮೇಲೆ ಗುರುಬಸವರಾಜನಿಗೆ ಅದು ತಿಳಿಯಿತು. ಅಂಗಡಿಗೆ ಓಡೋಣವೆಂದರೆ ತೀರ್ಪುಗಾರರು ಪಕ್ಕದ ಮೇಜಿಗೆ ಬಂದೇಬಿಟ್ಟಿದ್ದರು. ಊರಿಗೆಲ್ಲ ಕಾಯಿ ಕೊಡುವವನು ಮಗಳ ಕಾಯಿಗೇ ಕಲ್ಲು ಹಾಕಿದೆನಲ್ಲ ಎಂದು ಅವನು ಹಣೆ ಚಚ್ಚಿಕೊಂಡ.

ಗೀತಾಂಜಲಿ ಕಣ್ಣೊರೆಸಿಕೊಂಡಳು. ತೀರ್ಪುಗಾರರು ಎದುರಿಗೆ ಬಂದಾಗ ಒಣ ಕಾಯಿಯನ್ನು ತಿರುಗಿಸಿದಳು. ಅದು ಬುಗುರಿಯ ಹಾಗೆ ಬಹಳ ಹೊತ್ತು ಸುತ್ತಿತು. ಆಮೇಲೆ ಕೈವಾರದ ಮೊನೆಯಿಂದ ಅದರ ಕಣ್ಣು ಚುಚ್ಚಿ, ಬಾಟಲಿಯ ನೀರು ಸುರಿದು, ಅಪ್ಪನ ಕೈಯಲ್ಲಿದ್ದ ಬೆಲ್ಲವನ್ನೇ ಕಿತ್ತು ಬಿರಡೆ ಹಾಕಿದಳು. ಮತ್ತೆ ತಿರುಗಿಸಿದಳು. ಕಾಯಿ ನಾಲ್ಕು ಸುತ್ತು ತಡವರಿಸಿ ನಿಂತಿತು.

"ಒಳಗಿನ ನೀರು ಚಿಪ್ಪಿನ ಜೊತಿ ಓಡಂಗಿಲ್ಲ ಸರ್, ತಿಕ್ಕಿ ತಡೀತೈತಿ. ಭೂಮಿಗೆ ನೀರು ಹೊರಗೈತಿ, ಆದ್ರ ತಿಕ್ಕಾಟ ತಪ್ಪಿದ್ದಲ್ಲ. ಸಮುದ್ರನ್ನ ಚಂದ್ರ ಎಳೆದು ಉಬ್ಬಿಸ್ತಾನ. ತಿರುಗೋ ಭೂಮಿ ಆ ಉಬ್ಬನ್ನ ಮುಂದಕ್ಕ ಒಯ್ತೈತಿ, ಚಂದ್ರ ಹಿಂದಕ್ಕ ಜಗ್ತಾನ. ಅದಕ್ಕ ಭೂಮಿ ನಿಧಾನ ಆಗಿ, ನೂರು ವರ್ಷಕ್ಕ ನಮ್ಮ ದಿನ ಸೆಕೆಂಡಿನ ಸಾವಿರ ಪಾಲಿನಾಗ ಹೆಚ್ಚೂಕಡಿಮಿ ಎರಡು ಪಾಲು ಉದ್ದ ಆಗ್ತೈತಿ. ಆ ಉಬ್ಬು ಚಂದ್ರನ್ನ ಮುಂದಕ್ಕ ಜಗ್ಗೋದ್ರಿಂದ ಅವ ವರ್ಷಕ್ಕ ಎರಡು ಬೆರಳಗಲ ದೂರ ಸರೀತಾನ."

ತೀರ್ಪುಗಾರರು ಕಾಯಿಯನ್ನು ತಾವೇ ತಿರುಗಿಸಿ ನೋಡಿದರು. "ಎರಡು ಕಾಯಿ ಇಟ್ಟಿದ್ರೆ ಚಿಪ್ಪು ಬೇರೆ, ಆಕಾರ ಬೇರೆ ಅಂತ ಕೇಳ್ತಿದ್ದೆ. ಒಂದರಲ್ಲೇ ತೋರಿಸಿದ್ದೀಯ, ಕೇಳೋಕೆ ಏನೂ ಉಳಿದಿಲ್ಲ. ಯಾರಮ್ಮ ಈ ಉಪಾಯ ಕೊಟ್ಟೋರು?"

"ನಮ್ಮಪ್ಪಾರು ಸರ್."

ಗುರುಬಸವರಾಜ ಮುಖ ಆಚೆ ತಿರುಗಿಸಿದ. ಒಡೆದ ಕಾಯಿಯ ಹೋಳುಗಳನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸಿದ.

ಸಂಜೆ ಹೊಸಪೇಟೆಗೆ ಅವಳ ಹೆಸರು ಕೂಗಿದರು. ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಡಿಗೆ ಬಂದವನೇ ರಾಶಿಯಿಂದ ಒಳ್ಳೆಯ ಕಾಯಿಯೊಂದನ್ನು ಎತ್ತಿ, ಕಲ್ಲಿನ ಮೇಲೆ ಕೈ ಎತ್ತಿದವನು ಹಾಗೇ ತಡೆದು ನಿಂತ. ಮೂವತ್ತು ವರ್ಷದ ವ್ಯಾಪಾರದಲ್ಲಿ ಯಾರನ್ನೂ ಕೇಳದವನು ಮಗಳ ಕಡೆ ತಿರುಗಿದ.

"ಇದನ್ನ ಒಡೀಲೇನವ್ವಾ?"