ವರಲಕ್ಷ್ಮಮ್ಮನ ಕೈಯ ಅಳತೆ

ಕುಡುಮಲಕುಂಟೆಯ ಆ ಕಾರ್ಖಾನೆಯಲ್ಲಿ ಕರೆಂಟ್ ಮೀಟರಿನ ಪೆಟ್ಟಿಗೆಗಳು ತಯಾರಾಗುತ್ತಿದ್ದವು. ಎರಡನೇ ಲೈನಿಗೆ ತನುಜ ಲೀಡರ್. ಅವಳಿಗೆ ಕೆಲಸ ಕಲಿಸಿದ ವರಲಕ್ಷ್ಮಮ್ಮ ಈಗ ಅವಳ ಕೈಕೆಳಗೇ ಇದ್ದಳು. ತಗಡಿನ ಮುಚ್ಚಳ ಎತ್ತಿಕೊಳ್ಳಬೇಕು, ರಬ್ಬರ್ ಪಟ್ಟಿಯ ಹಿಂದಿನ ತೆಳು ಕಾಗದ ಸುಲಿಯಬೇಕು, ಅಂಚಿಗೆ ಅಂಟಿಸಿ ಮುಂದಕ್ಕೆ ತಳ್ಳಬೇಕು. ಒಂದು ಶಿಫ್ಟಿನಲ್ಲಿ ವರಲಕ್ಷ್ಮಮ್ಮ ಐನೂರು ಮುಚ್ಚಳ ಮುಗಿಸುತ್ತಿದ್ದಳು. ಲೈನಿನಲ್ಲಿ ಬೇರೆ ಯಾರಿಗೂ ಅದು ಆಗುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ, ತಗಡಿನ ಅಂಚು ಕೈ ಕೊಯ್ಯದಿರಲೆಂದು, ಎಲ್ಲರೂ ಕೈಗವಸು ಹಾಕಲೇಬೇಕು ಎಂಬ ಆದೇಶ ಬಂತು. ಬಂದದ್ದೆಲ್ಲ ಗಂಡಸರ ಅಳತೆಯವು. ವರಲಕ್ಷ್ಮಮ್ಮ ಹಾಕಿಕೊಂಡರೆ ಬೆರಳ ತುದಿಯಾಚೆ ಅರ್ಧ ಇಂಚು ಬಟ್ಟೆ ಜೋತಾಡುತ್ತಿತ್ತು.

“ಇದರಲ್ಲಿ ಕಾಗದ ಹೆಂಗೆ ಸುಲೀಲಿ ತಾಯಿ? ಚಿಕ್ಕದು ತರ್ಸು,” ಎಂದಳು.

ತನುಜ ಸ್ಟೋರಿಗೆ ಎರಡು ಸಲ ಬರೆದುಕೊಟ್ಟಳು. ಉತ್ತರ ಬರಲಿಲ್ಲ. ವರಲಕ್ಷ್ಮಮ್ಮನ ಐನೂರು ಮುನ್ನೂರಕ್ಕಿಳಿಯಿತು. ಮ್ಯಾನೇಜರು ತನುಜಳನ್ನು ಕರೆಸಿ, “ಗ್ಲೌಸೂ ಇರಬೇಕು, ಟಾರ್ಗೆಟ್ಟೂ ಆಗಬೇಕು. ಆಗಲ್ಲ ಅಂದ್ರೆ ಲೀಡರ್ ಬೇರೆಯವ್ರು ಆಗ್ತಾರೆ,” ಎಂದರು.

ಅದಾದ ಶುಕ್ರವಾರ ಲಾರಿ ಗೇಟಿನ ಒಳಗೆ ಬಂದು ನಿಂತಿತ್ತು. ಇನ್ನೂ ಅರವತ್ತು ಮುಚ್ಚಳ ಬಾಕಿ. ತನುಜ ವರಲಕ್ಷ್ಮಮ್ಮನ ಕಿವಿಯ ಹತ್ತಿರ ಬಗ್ಗಿ, “ಅಕ್ಕಾ, ಇದೊಂದು ಲೋಡ್ ಹೋಗೋವರ್ಗೂ ತೆಗೆದುಬಿಡು,” ಎಂದಳು.

ವರಲಕ್ಷ್ಮಮ್ಮ ಕೈಗವಸು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಬೆರಳುಗಳಿಗೆ ಹಳೆಯ ವೇಗ ಬಂತು. ನಲವತ್ತು ಮುಗಿದವು. ಅಷ್ಟರಲ್ಲಿ ಪಕ್ಕದಲ್ಲಿ ಒಟ್ಟಿದ್ದ ಮುಚ್ಚಳಗಳ ಅಟ್ಟಿಯ ಮೇಲಿನ ಒಂದು ತಗಡು ಜಾರಿತು. ಬೀಳುವುದನ್ನು ಹಿಡಿಯಲು ಅವಳು ತಟ್ಟನೆ ಬಲಗೈ ಚಾಚಿದಳು. ಅಂಚು ಅಂಗೈಯನ್ನು ಅಡ್ಡಡ್ಡ ಸೀಳಿತು.

ಗೌರಿಬಿದನೂರಿನಲ್ಲಿ ಕಟ್ಟು ಹಾಕಿ ಚಿಕ್ಕಬಳ್ಳಾಪುರಕ್ಕೆ ಕಳಿಸಿದರು. ಗಾಯ ಒಣಗಿತು, ನಡುವಿನ ಎರಡು ಬೆರಳು ಮತ್ತೆ ಮಡಚಲಿಲ್ಲ.

ಕಾರ್ಖಾನೆಯ ವರದಿಯಲ್ಲಿ, ಕೆಲಸಗಾರ್ತಿ ತಾನಾಗಿಯೇ ಕೈಗವಸು ತೆಗೆದಿದ್ದಳು ಎಂದು ಬರೆದಿತ್ತು. ಕೆಳಗೆ ಸಾಕ್ಷಿಯ ಜಾಗದಲ್ಲಿ ತನುಜ ಸಹಿ ಹಾಕಿದಳು. ಆ ವರದಿಯಿಂದ ವರಲಕ್ಷ್ಮಮ್ಮನ ಪರಿಹಾರದ ಅರ್ಜಿ ಮೂಲೆಗೆ ಬಿತ್ತು.

ಮೂರು ವಾರಕ್ಕೆ ಚಿಕ್ಕ ಅಳತೆಯ, ತೆಳುವಾದ ಕೈಗವಸು ಬಂದವು. ಕೈಗೆ ಚರ್ಮದಂತೆ ಕೂತವು. ಅಂಚು ತಗಲೀತೆಂಬ ಹೆದರಿಕೆ ಹೋದದ್ದರಿಂದ ಎಲ್ಲರ ಕೈಯೂ ಚುರುಕಾಯಿತು. ಮೊದಲು ಬರಿಗೈಯಲ್ಲಿ ಆಗುತ್ತಿದ್ದುದಕ್ಕಿಂತ ಹೆಚ್ಚೇ ಮುಚ್ಚಳ ಮುಗಿಯತೊಡಗಿದವು. ಬೆಳಗಿನ ಮೀಟಿಂಗಿನಲ್ಲಿ ಮ್ಯಾನೇಜರು ಎರಡನೇ ಲೈನಿಗೆ ಚಪ್ಪಾಳೆ ಹೊಡೆಸಿದರು. ತನುಜ ಬಚ್ಚಲಿಗೆ ಓಡಿಹೋಗಿ ಅತ್ತಳು.

ಆ ಭಾನುವಾರ ಅವಳು ಒಂದು ಜೊತೆ ಹೊಸ ಕೈಗವಸು ಹಿಡಿದು ವರಲಕ್ಷ್ಮಮ್ಮನ ಮನೆಗೆ ಹೋದಳು. ಯಾಕೆ ತಂದೆನೆಂದು ಅವಳಿಗೇ ತಿಳಿದಿರಲಿಲ್ಲ. ವರಲಕ್ಷ್ಮಮ್ಮ ಎಡಗೈಗೆ ಹಾಕಿ ನೋಡಿದಳು. ಸರಿಯಾಗಿ ಕೂತಿತು. ಬಲಗೈಯದನ್ನು ಮಡಿಲಲ್ಲೇ ಇಟ್ಟುಕೊಂಡಳು.

“ಎಷ್ಟು ಚೆನ್ನಾಗೈತೆ,” ಎಂದಳು.

“ಅಕ್ಕಾ, ತೆಗಿ ಅಂದಿದ್ದು ನಾನು. ನೀನೇ ತೆಗ್ದೆ ಅಂತ ಸಹಿ ಹಾಕಿದ್ದೂ ನಾನೇ.”

“ಗೊತ್ತು ಕಣಮ್ಮ. ಓದಿ ಹೇಳಿದ್ರು.” ವರಲಕ್ಷ್ಮಮ್ಮ ಎಡಗೈಯ ಕೈಗವಸನ್ನು ಹಲ್ಲಿನಿಂದೆಳೆದು ಕಳಚಿದಳು. “ನೀನು ಹೇಳಿದ್ದಕ್ಕೆ ಮಾತ್ರ ತೆಗ್ದಿದ್ದಲ್ಲ. ಮುನ್ನೂರು ಅನ್ನೋಕೆ ನಂಗೇ ನಾಚಿಕೆ ಆಗ್ತಿತ್ತು. ಆದ್ರೂ ಸಹಿ ಹಾಕ್ಬಾರ್ದಿತ್ತು ನೀನು.”

ಸೋಮವಾರ ತನುಜ ನಡೆದದ್ದನ್ನೆಲ್ಲ ಬರೆದು ಆಫೀಸಿಗೆ ಕೊಟ್ಟಳು. ಒಂದು ಪ್ರತಿಯನ್ನು ಕಾರ್ಮಿಕ ಇಲಾಖೆಗೂ ಕಳಿಸಿದಳು. ಅವಳ ಲೀಡರ್ ಕೆಲಸ ಹೋಯಿತು. ಮತ್ತೆ ಮುಚ್ಚಳದ ಮೇಜಿಗೆ ಹಾಕಿದರು. ವರಲಕ್ಷ್ಮಮ್ಮನ ಪರಿಹಾರದ ಅರ್ಜಿಗೆ ಜೀವ ಬಂತು, ಆದರೆ ಕೆಲಸಕ್ಕೆ ಅವಳನ್ನು ಯಾರೂ ಕರೆಯಲಿಲ್ಲ.

ಈಗ ರಜೆಯ ದಿನ ತನುಜ ಹೋಗಿ ಅವಳ ತಲೆ ಬಾಚಿ ಜಡೆ ಹಾಕುತ್ತಾಳೆ. ವರಲಕ್ಷ್ಮಮ್ಮ ಲೈನಿನ ಒಬ್ಬೊಬ್ಬರನ್ನೂ ವಿಚಾರಿಸುತ್ತಾಳೆ. ದಿನಕ್ಕೆ ಎಷ್ಟು ಮುಚ್ಚಳ ಆಗುತ್ತಿದೆ ಎಂದು ಮಾತ್ರ ಕೇಳುವುದಿಲ್ಲ.